ಶಿಸ್ತು ಇದೆ ಅಂದರೆ ಸಾಲದು, ಹವಾಲ್ದಾರರೇ

ನಲವತ್ತರ ಆಸುಪಾಸಿನಲ್ಲಿ ಸೇನೆಯಿಂದ ನಿವೃತ್ತರಾಗಿ ಬಂದವರು ಸಂದರ್ಶನದಲ್ಲಿ ಹೇಳುವುದು ಹೆಚ್ಚಾಗಿ ಎರಡೇ ಮಾತು: "ಶಿಸ್ತು ಇದೆ ಸರ್, ಕಷ್ಟಪಟ್ಟು ದುಡಿಯುತ್ತೇನೆ." ಎದುರಿಗೆ ಕೂತವರು ತಲೆಯಾಡಿಸಿ ಸೆಕ್ಯೂರಿಟಿ ಕೆಲಸ ತೋರಿಸುತ್ತಾರೆ. ತಪ್ಪು ಅವರದೂ ಹೌದು. ಆದರೆ ಕೆಲಸ ಬೇಕಾಗಿರುವುದು ನಿಮಗೆ.

ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್ ಆಗಿದ್ದಿರಿ ಎನ್ನೋಣ. ಹುದ್ದೆಯ ಹೆಸರಿನಿಂದ ಸಂದರ್ಶಕರಿಗೆ ಏನೂ ತಿಳಿಯದು. "ನೂರಕ್ಕೂ ಹೆಚ್ಚು ಜನರ ರೇಷನ್, ಬಟ್ಟೆ, ಸಾಮಾನುಗಳ ಲೆಕ್ಕ ನನ್ನ ಕೈಯಲ್ಲಿತ್ತು. ತಪಾಸಣೆಗೆ ಬಂದಾಗ ಲೆಡ್ಜರ್ ತಾಳೆಯಾಗಲೇಬೇಕಿತ್ತು. ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ ಚಳಿಗಾಲದ ದಾಸ್ತಾನು ಮಾಡಿಸುತ್ತಿದ್ದೆ" ಎಂದು ನೋಡಿ. ಯಾವ ಗೋದಾಮಿನ ಮ್ಯಾನೇಜರಾದರೂ ಕಿವಿ ನಿಮಿರಿಸುತ್ತಾನೆ.

ಸೆಕ್ಷನ್ ಎಂಬ ಚಿಕ್ಕ ತುಕಡಿಯನ್ನು ನಡೆಸಿದವರ ಬಳಿ ಇನ್ನೂ ದೊಡ್ಡ ಬಂಡವಾಳವಿದೆ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ (ಎಂಇಜಿ)ನಿಂದ ಬಂದವರನ್ನೇ ನೋಡಿ: ಕನ್ನಡ, ತಮಿಳು, ತೆಲುಗು, ಮಲಯಾಳ ಮಾತಾಡುವ ಹುಡುಗರು ಒಂದೇ ಬ್ಯಾರಕ್ಕಿನಲ್ಲಿ. ರಜೆ ಸಿಗದೆ ಮಂಕಾದವನನ್ನು ಹೇಗೆ ಸಂಭಾಳಿಸಿದಿರಿ, ಇಬ್ಬರ ಜಗಳ ಹೇಗೆ ಬಿಡಿಸಿದಿರಿ? ಒಂದು ಪ್ರಸಂಗ ಸಾಕು, ಪೂರ್ತಿ ಹೇಳಿ. ಏನಾಗಿತ್ತು, ನೀವೇನು ಮಾಡಿದಿರಿ, ಆಮೇಲೇನಾಯಿತು. ಎಲ್ಲ ಹೆಗ್ಗಳಿಕೆಯನ್ನೂ ಪಲ್ಟನ್ನಿಗೇ ಒಪ್ಪಿಸಿಬಿಡುವ ಸಂಕೋಚ ಇಲ್ಲಿ ಬೇಡ. ಗುಟ್ಟಿನ ಜಾಗ, ಕಾರ್ಯಾಚರಣೆಗಳನ್ನು ಮಾತ್ರ ಬಾಯಿಬಿಡಬೇಡಿ.

ಮಾತಿನ ತಯಾರಿಯ ಜೊತೆಗೆ, ನಿವೃತ್ತ ಸೈನಿಕರಿಗೆ ಹೊಸ ಕೆಲಸಕ್ಕೆ ನೆರವಾಗುವ ಪುನರ್ವಸತಿ ಮಹಾನಿರ್ದೇಶನಾಲಯದ ತರಬೇತಿಗಳಿಗೆ ಸೇವೆಯಲ್ಲಿರುವಾಗಲೇ ಅರ್ಜಿ ಹಾಕಿ. 2022ರ ಅಗ್ನಿಪಥ ಯೋಜನೆಯಡಿ ಸೇರಿ ನಾಲ್ಕೇ ವರ್ಷಕ್ಕೆ ಹೊರಬರುವ ಹುಡುಗರಂತೂ ಈಗಿನಿಂದಲೇ ಇಂಥ ಪ್ರಸಂಗಗಳನ್ನು ಬರೆದಿಟ್ಟುಕೊಳ್ಳಲಿ.

ಸಂದರ್ಶನದ ಹಿಂದಿನ ದಿನ ನಿಮ್ಮ ಉತ್ತರಗಳನ್ನೆಲ್ಲ ಸೇನೆಯ ಗಾಳಿ ಸೋಕದ ಭಾವನ ಮುಂದೆ ಹೇಳಿ. ಅವರು "ಹಾಗಂದ್ರೇನು?" ಎಂದ ಕಡೆಯೆಲ್ಲ ಮಾತು ಬದಲಿಸಿ.