ಬಣ್ಣ ಬಳಿಯುವ ಮುನ್ನ

ವಸ್ತುವಿನ ಬೆಲೆ ಬೇರೆ, ಗುಣ ಬೇರೆ. ಬೆಲೆಯನ್ನು ಅಂಗಡಿಯವನು ಹೇಳಬಲ್ಲನು. ಗುಣವನ್ನು ಕೊಂಡವನೇ ನೋಡಿ ಅರಿಯಬೇಕು. ನೋಡದೆ ತೀರ್ಮಾನಿಸುವುದರಿಂದ ಆಗುವ ಹಾನಿ ಎಂತಹುದೆಂಬುದನ್ನು ಕಳೆದ ವರ್ಷ ಮನೆಯ ಒಂದು ಕಪಾಟು ನನಗೆ ಕಲಿಸಿತು. ಸದ್ಗೃಹಸ್ಥರಾದ ವಾಚಕರಿಗೂ ಅದು ಪ್ರಯೋಜನಕರವಾದೀತೆಂದು ಇಲ್ಲಿ ನಿವೇದಿಸುತ್ತೇನೆ.

ತಾಳಗುಪ್ಪದ ನಮ್ಮ ಮನೆಯಲ್ಲಿ ಪುಸ್ತಕಗಳಿಗೊಂದು ಕಪಾಟು ಬೇಕಾಗಿದ್ದಿತು. ಸಾಗುವಾನಿ, ಬೀಟೆಗಳ ಮಾತೆತ್ತುವ ಶಕ್ತಿ ನನಗಿರಲಿಲ್ಲ. ಸಾಗರದ ಅಂಗಡಿಯೊಂದರಿಂದ ೮ ಅಡಿ ಉದ್ದ, ೪ ಅಡಿ ಅಗಲದ ಎರಡು ಸಾಧಾರಣ ಪ್ಲೈವುಡ್ ಹಲಗೆಗಳನ್ನು ತರಿಸಿ, “ಎಲ್ಲಕ್ಕೂ ಕಂದು ಬಣ್ಣ ಬಳಿದುಬಿಡಿ, ಆಚಾರ್ರೇ” ಎಂದು ಬಡಗಿಗೆ ಹೇಳಿ ಶಾಲೆಗೆ ಹೊರಟುಹೋದೆನು. ಮೊದಲನೆಯ ಹಲಗೆ ಅಂದೇ ಬಣ್ಣದೊಳಗೆ ಮುಚ್ಚಿಹೋಯಿತು.

ಮರುದಿನ ಬಾಗಿಲುಗಳಿಗಾಗಿ ಎರಡನೆಯ ಹಲಗೆಯನ್ನು ಕೊಯ್ದು, ಧೂಳು ತೆಗೆಯಲು ಒದ್ದೆಬಟ್ಟೆಯಿಂದ ಒರೆಸಿದ ಆಚಾರ್ರು ನನ್ನನ್ನು ಕರೆದರು: “ಮೇಷ್ಟ್ರೇ, ಇದಕ್ಕೂ ಬಣ್ಣವೇ?” ತಿಳಿಗೆಂಪು ಮೈಯ ಮೇಲೆ ಕಂದು ಗೆರೆಗಳು ಸುತ್ತಿ ಸುತ್ತಿ ಹರಿದಿದ್ದುವು. ಬೇಸಿಗೆಯಲ್ಲಿ ಶರಾವತಿಯ ಹಿನ್ನೀರು ಇಳಿಯುತ್ತ, ದಿಬ್ಬಗಳ ಸುತ್ತ ಒಂದರ ಕೆಳಗೊಂದು ಬಿಟ್ಟುಹೋಗುವ ನೀರಿನ ಗುರುತುಗಳಂತೆಯೇ ಅವು ತೋರಿದುವು. “ನಿನ್ನೆಯದೂ ಹೀಗೆಯೇ ಇದ್ದಿತೇ?” ಎಂದು ಕೇಳಿದೆನು. “ನೋಡಲಿಲ್ಲ. ನೀವು ಬಳಿಯಿರಿ ಅಂದ್ರಿ, ಬಳಿದೆ” ಎಂದರು. ಉಜ್ಜಿ ತೆಗೆಯಬಹುದೇ ಎಂದುದಕ್ಕೆ, “ಮೇಲಿನ ಪದರು ಕಾಗದದ ಹಾಗೆ, ಬಣ್ಣದ ಜೊತೆಗೆ ಅದೂ ಹೋಗುತ್ತೆ” ಎಂಬ ಉತ್ತರ ಬಂದಿತು.

ಈ ಚೆಲುವು ಹುಟ್ಟುವ ಬಗೆಯನ್ನು ವಿಚಾರಿಸೋಣ. ಇಂದು ಪ್ಲೈವುಡ್ಡಿಗೆ ನೀಲಗಿರಿ, ಸಿಲ್ವರ್ ಓಕ್, ಹೆಬ್ಬೇವು ಮೊದಲಾದ ಬೇಗ ಬೆಳೆಯುವ ಮರಗಳೂ ಬಳಕೆಯಾಗುತ್ತವೆ. ದಿಮ್ಮಿಯನ್ನು ಯಂತ್ರದಲ್ಲಿ ತಿರುಗಿಸುತ್ತ, ಅದರುದ್ದದ ಅಲಗನ್ನು ಒತ್ತಿ ಹಿಡಿದರೆ, ಸುತ್ತಿದ ಚಾಪೆ ಬಿಚ್ಚಿದಂತೆ ತೆಳುಪದರು ಸುಲಿದುಬರುತ್ತದೆ. ಇಂತಹ ೩, ೫, ೭ ಪದರುಗಳನ್ನು, ಒಂದರ ನಾರಿಗೆ ಇನ್ನೊಂದರ ನಾರು ಅಡ್ಡವಾಗುವಂತೆ ಅಂಟಿನಿಂದ ಜೋಡಿಸಿ, ಬಿಸಿಯಲ್ಲಿ ಅದುಮುತ್ತಾರೆ. ಹಲಗೆ ಸುಲಭವಾಗಿ ಸೀಳದಿರುವುದಕ್ಕೂ ಸೊಟ್ಟಗಾಗದಿರುವುದಕ್ಕೂ ಇದೇ ಕಾರಣ.

ಮರವು ಬೆಳೆಯುತ್ತ ತನ್ನೊಳಗೆ ಉಂಗುರಗಳನ್ನು ಕಟ್ಟಿಕೊಳ್ಳುತ್ತದೆ. ಕಾಂಡವು ಕಂಬದಂತೆ ನೇರವೂ ದುಂಡಗೂ ಇದ್ದರೆ ಅಲಗು ಉಂಗುರದ ಜಾಡಿನಲ್ಲಿಯೇ ಸಾಗಿ, ಪದರು ಬಹುಮಟ್ಟಿಗೆ ಬೋಳಾಗಿ ಬರುತ್ತದೆ. ಎಲ್ಲಿ ಕಾಂಡವು ಬಾಗಿದೆಯೋ, ಉಬ್ಬಿದೆಯೋ, ತಗ್ಗಿದೆಯೋ ಅಲ್ಲಿ ಅಲಗು ಹಲವು ಉಂಗುರಗಳನ್ನು ಓರೆಯಾಗಿ ಕೊಯ್ಯುತ್ತದೆ. ಅಲ್ಲಿಯೇ ಅಲೆಗಳು ಮೂಡುತ್ತವೆ. ಮರದ ಕೊಂಕೇ ಹಲಗೆಯ ಚೆಲುವು! ಅಗ್ಗದ ಹಲಗೆಯ ಬೆಲೆಯನ್ನು ದಪ್ಪ, ಅಂಟು, ಗಟ್ಟಿತನಗಳಿಂದ ಕಟ್ಟುತ್ತಾರೆಯೇ ಹೊರತು ಈ ಬರವಣಿಗೆಯಿಂದಲ್ಲ. ಸಾಗರ, ಸೊರಬಗಳ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ದೂರದವರೂ ಬಂದು ನೋಡುತ್ತಾರೆ. ಪ್ಲೈವುಡ್ಡನ್ನು ನೋಡುವವರು ಯಾರು?

ಆದಕಾರಣ ಅಂತಹ ಹಲಗೆ ಕೈಗೆ ಬಂದರೆ ಮೊದಲು ಬೆಳಕಿನಲ್ಲಿ ನಿಲ್ಲಿಸಿ, ಎರಡು ಮುಖಗಳನ್ನೂ ಒದ್ದೆಬಟ್ಟೆಯಿಂದ ಒರೆಸಿರಿ. ಪಾಲಿಶ್ ಕೊಟ್ಟಾಗ ಹೇಗೆ ಕಾಣುವುದೆಂಬುದು ಒಡನೆಯೇ ತಿಳಿಯುವುದು. ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ನಾರಿನ ಗುಂಟ ಹಗುರವಾಗಿ ಮಾತ್ರ ಉಜ್ಜಿ, ಬಣ್ಣವಿಲ್ಲದ ಪಾಲಿಶ್ ಹಚ್ಚಿರಿ. ನಮ್ಮ ಮಲೆನಾಡಿನ ಥಂಡಿಗೆ ಅಂಚುಗಳೇ ಮೊದಲು ಬಿಡುವುದರಿಂದ ಅವುಗಳಿಗೂ ಹಚ್ಚುವುದನ್ನು ಮರೆಯಬಾರದು.

ಈಗ ಕಪಾಟಿನ ಬಾಗಿಲುಗಳು ಹೊಳೆಯುತ್ತಿವೆ, ಬಂದವರು ಹೊಗಳುತ್ತಾರೆ. ನನ್ನ ಕಣ್ಣು ಮಾತ್ರ ಪಕ್ಕದ ಕಂದು ಹಲಗೆಯ ಕಡೆಗೆ ಹೋಗುತ್ತದೆ. ಅದರೊಳಗೆ ಏನಿದ್ದಿತೋ ಇನ್ನು ಯಾರೂ ಅರಿಯರು. ಮೂವತ್ತು ವರ್ಷ ಪಾಠ ಹೇಳಿದ ನಾನು, ಮುಖವನ್ನೂ ನೋಡದೆ, “ಇವನಿಷ್ಟೇ” ಎಂದು ಹಿಂದಿನ ಸಾಲಿಗೆ ಕಳುಹಿಸಿದ ಹುಡುಗರೆಷ್ಟೋ! ಅವರೂ ಆಗ ನನಗೆ ನೆನಪಾಗುತ್ತಾರೆ. ಮುಚ್ಚುವುದು ಸುಲಭ, ಮುಚ್ಚಿದುದನ್ನು ತೆರೆಯುವುದು ಎಲ್ಲ ಕಾಲಕ್ಕೂ ಸಾಧ್ಯವಲ್ಲ. ಮೊದಲು ನೋಡಬೇಕು; ಬಣ್ಣದ ಮಾತು ಆಮೇಲೆ.