ಕೊಲ್ಲಿಗೆ ಹೊರಟವರೇ, ಒಂದು ಮಾತು

ನಮ್ಮ ಹಲವಾಗಲಿನ ಸುತ್ತಲಿನ ಊರುಗಳಿಂದ ಬೆಂಗಳೂರಿಗೆ, ಕಾಫಿ ತೋಟಗಳಿಗೆ ಗುಳೆ ಹೋಗುವುದು ಹೊಸದಲ್ಲ. ಅಲ್ಲಿ ಕೆಲಸ ಸರಿಬರದಿದ್ದರೆ ರಾತ್ರಿ ಬಸ್ಸು ಹಿಡಿದು ವಾಪಸು ಬರಬಹುದು. ದುಬೈ, ಕತಾರಿನಿಂದ ಹಾಗೆ ಬರಲಾಗದು. ಅದಕ್ಕೇ ಹೇಳುತ್ತಿದ್ದೇನೆ ತಮ್ಮಾ, ಹೊರಡುವ ಮುಂಚೆಯೇ ಗಟ್ಟಿಯಾಗು.

ಏಜೆಂಟನ ಮಾತು ನಂಬಿ ಹೊಲ ಅಡ ಇಡಬೇಡ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವನ ನೋಂದಣಿ ಇದೆಯೇ ನೋಡು. ಅವನು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ‘ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ’ ಎಂದರೆ ಎದ್ದು ಬಂದುಬಿಡು. ಹತ್ತನೇ ತರಗತಿ ಪಾಸಾಗದವರು ಕೊಲ್ಲಿಯಲ್ಲಿ ದುಡಿಯಲು ಸಾಮಾನ್ಯವಾಗಿ ವಲಸೆ ಅನುಮತಿ ಪಡೆಯಬೇಕು. ಅದನ್ನು ತೊಡಕೆಂದುಕೊಳ್ಳಬೇಡ, ಅದರ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿಯ ವಿಮೆಯೂ ಬರುತ್ತದೆ.

ಕರಾರು ಪತ್ರ ಓದಿಸಿಕೊ. ಮೂಲ ಸಂಬಳ ಎಷ್ಟು, ಊಟ-ವಸತಿ ಯಾರ ಖರ್ಚು, ಓವರ್‌ಟೈಮ್ ಕೊಡುತ್ತಾರೆಯೇ? ಕರಾರು ಪತ್ರದ, ಪಾಸ್‌ಪೋರ್ಟಿನ ಫೋಟೋ ತೆಗೆದು ಅವ್ವನ ಫೋನಿಗೂ ಕಳಿಸು.

ಅಲ್ಲಿಗೆ ಹೋದ ಮೇಲೆ ಮೊದಲ ತಿಂಗಳುಗಳು ಭಾರ. ರೂಮಿನಲ್ಲಿ ಎಂಟು ಜನ, ಎಂಟು ಭಾಷೆ. ರೊಟ್ಟಿ-ಪುಂಡಿಪಲ್ಯ ನೆನಪಾಗಿ ಗಂಟಲು ಕಟ್ಟುತ್ತದೆ. ಒಬ್ಬನೇ ಕೂರಬೇಡ, ಕನ್ನಡದವರನ್ನು ಹುಡುಕಿಕೊ. ದುಬೈಯಲ್ಲಿ ಮಕ್ಕಳಿಗೆ ಕನ್ನಡ ಪಾಠಶಾಲೆಯೇ ನಡೆಯುತ್ತಿದೆ! ಸಂಬಳ ತಡೆಹಿಡಿದರೆ ಊರಿಗೆ ಗೊತ್ತಾದೀತೆಂದು ನಾಚಿ ಮುಚ್ಚಿಡಬೇಡ. ಭಾರತೀಯ ರಾಯಭಾರ ಕಚೇರಿಗೆ ಹೋಗು. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ಮನೆಯವರೂ ಇಲ್ಲಿಂದಲೇ ದೂರು ಕೊಡಬಹುದು.