ಬ್ರೆಸ್ಟ್ ಪಂಪ್ ಆರಿಸುವುದು ಹೇಗೆ? ಬಸುರಿಯರಿಗೊಂದು ಸಣ್ಣ ಪಾಠ



ನಮ್ಮ ಕೂಟದಲ್ಲಿ ಈ ವರ್ಷವೂ ಹಲವು ಮನೆಗಳಲ್ಲಿ ತೊಟ್ಟಿಲು ಕಟ್ಟುವ ಸಂಭ್ರಮ. ಸೀಮಂತಕ್ಕೆ ಹೋದಲ್ಲೆಲ್ಲ ಹಸಿರು ಬಳೆ, ಚಿತ್ರಾನ್ನಗಳ ನಡುವೆ ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ: "ಯಾವ ಪಂಪ್ ಒಳ್ಳೇದು ಕಣೇ?"

ತವರಿನಲ್ಲಿ ತಿಂಗಳುಗಟ್ಟಲೆ ಬಾಣಂತನ ಮಾಡಿಸಿಕೊಳ್ಳುವವರಿಗೆ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಅಮೆರಿಕದಲ್ಲಿ ಕೆಲಸಕ್ಕೆ ಹೋಗುವವರ ಕಥೆಯೇ ಬೇರೆ. ಇಲ್ಲಿನ ಎಫ್‌ಎಂಎಲ್‌ಎ ಕಾನೂನು ಕೊಡುವುದು 12 ವಾರಗಳ ಸಂಬಳವಿಲ್ಲದ ರಜೆ. ಅದೂ ಕಂಪನಿಯಲ್ಲಿ ಕನಿಷ್ಠ 50 ಜನರಿದ್ದು, ನೀವು ಅಲ್ಲಿ ಒಂದು ವರ್ಷವಾದರೂ ಕೆಲಸ ಮಾಡಿದ್ದರೆ ಮಾತ್ರ. ಆದರೆ ಮೊದಲ 6 ತಿಂಗಳು ಮಗುವಿಗೆ ಎದೆಹಾಲನ್ನಷ್ಟೇ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂರನೇ ತಿಂಗಳಿಗೂ ಆರನೇ ತಿಂಗಳಿಗೂ ನಡುವಿನ ಈ ಕಂದಕಕ್ಕೆ ಸೇತುವೆಯಾಗುವುದೇ ಪಂಪಿನ ಕೆಲಸ.

ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ನಮ್ಮ ಕಸುಬಿನ ಮೊದಲ ಪಾಠವೆಂದರೆ, ಏನು ಬೇಕು ಎಂದು ಬರೆದುಕೊಂಡ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು. ಪಂಪಿಗೂ ಅದೇ ಸೂತ್ರ. ಮೊದಲು ನಿಮ್ಮ ದಿನಚರಿ, ಆಮೇಲೆ ಬ್ರಾಂಡ್.

1. ಪಂಪ್ ಕೆಲಸ ಮಾಡುವ ಬಗೆ

ಮಗು ಮೊದಲು ಹಗುರವಾಗಿ, ಬೇಗಬೇಗ ಚೀಪುತ್ತದೆ. ಹಾಲು ಇಳಿದ ಮೇಲೆ ನಿಧಾನವಾಗಿ, ಜೋರಾಗಿ ಎಳೆಯುತ್ತದೆ. ಇಂದಿನ ಬಹುಪಾಲು ಎಲೆಕ್ಟ್ರಿಕ್ ಪಂಪ್‌ಗಳು ಇದೇ ಎರಡು ಹಂತಗಳನ್ನು ಅನುಕರಿಸುತ್ತವೆ. ಎಳೆತ ಜೋರಾದಷ್ಟೂ ಹಾಲು ಹೆಚ್ಚು ಎಂಬುದು ತಪ್ಪು ಕಲ್ಪನೆ. ಹಾಲು ಇಳಿಯಲು ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು. ನೋವು, ಆತಂಕಗಳು ಅದಕ್ಕೆ ಅಡ್ಡಿ. ನೋವಾಗದಷ್ಟು ಎಳೆತವೇ ಸರಿಯಾದ ಎಳೆತ.

ಇನ್ನೊಂದು ವಿಷಯ. ಎದೆಯಿಂದ ಹಾಲು ಖಾಲಿಯಾದಷ್ಟೂ ಹೊಸ ಹಾಲು ತಯಾರಾಗುತ್ತದೆ. ಆಫೀಸಿನಲ್ಲಿ ದಿನವಿಡೀ ಹಾಲು ತೆಗೆಯದೇ ಇದ್ದರೆ ಎದೆ ಬಿಗಿದು ನೋಯುತ್ತದೆ, ದಿನಗಳೆದಂತೆ ಹಾಲೂ ಕಡಿಮೆಯಾಗುತ್ತದೆ.

2. ನಿಮಗೆ ಯಾವುದು?

- ಅಪರೂಪಕ್ಕೆ, ವಾರಕ್ಕೆ ಒಂದೆರಡು ಸಲ ಹೊರಗೆ ಹೋಗುವವರಿಗೆ: ಕೈಯಿಂದ ಒತ್ತುವ ಮ್ಯಾನುಯಲ್ ಪಂಪ್ ಸಾಕು. ಕರೆಂಟ್ ಬೇಡ, ಬೆಲೆಯೂ ಕಡಿಮೆ.
- ಪೂರ್ಣಾವಧಿ ಕೆಲಸಕ್ಕೆ ಮರಳುವವರಿಗೆ: ಡಬಲ್ ಎಲೆಕ್ಟ್ರಿಕ್ ಪಂಪ್. ಆಫೀಸು ಮತ್ತು ಪ್ರಯಾಣ ಸೇರಿ ಒಂಬತ್ತು, ಹತ್ತು ಗಂಟೆಯಾದರೆ, ಸುಮಾರು ಮೂರು ಗಂಟೆಗೊಮ್ಮೆಯಂತೆ ದಿನಕ್ಕೆ ಮೂರು ಸಲ ಬೇಕಾಗಬಹುದು. ಎರಡೂ ಕಡೆ ಒಟ್ಟಿಗೇ ತೆಗೆದರೆ ಸಮಯ ಬಹಳ ಉಳಿಯುತ್ತದೆ.
- ಬ್ರಾ ಒಳಗೇ ಕೂರುವ ವೈರಿಲ್ಲದ ಪಂಪ್: ಅನುಕೂಲವೇನೋ ಹೌದು. ಆದರೆ ಎಲ್ಲರಿಗೂ ಅದರಿಂದ ಪೂರ್ತಿ ಹಾಲು ಬರುವುದಿಲ್ಲ. ಇದನ್ನು ಎರಡನೇ ಪಂಪ್ ಆಗಿ ಇಟ್ಟುಕೊಳ್ಳುವುದು ಜಾಣತನ.
- ಮಗು ಅವಧಿಗೆ ಮುನ್ನ ಹುಟ್ಟಿ ಆಸ್ಪತ್ರೆಯಲ್ಲೇ ಇದ್ದರೆ, ಅಥವಾ ಅವಳಿಗಳಾದರೆ: ಆಸ್ಪತ್ರೆಗಳು ಬಳಸುವಂಥ ದೊಡ್ಡ ಪಂಪನ್ನು ತಿಂಗಳ ಬಾಡಿಗೆಗೆ ತರಬಹುದೇ ಎಂದು ಡಾಕ್ಟರನ್ನು ಕೇಳಿ.

ಕೊಳ್ಳುವಾಗ "ಕ್ಲೋಸ್ಡ್ ಸಿಸ್ಟಮ್" ಹೌದೇ ಎಂದು ನೋಡಿ. ಅದರಲ್ಲಿ ಹಾಲಿಗೂ ಮೋಟಾರಿಗೂ ನಡುವೆ ಒಂದು ತಡೆ ಇರುತ್ತದೆ. ಹಾಲು ಕೊಳವೆಯೊಳಗೆ ನುಗ್ಗಿ ಬೂಷ್ಟು ಹಿಡಿಯುವ ಭಯ ಕಡಿಮೆ.

3. ಗೆಳತಿಯ ಹಳೇ ಪಂಪ್ ಬೇಡ

ತೊಟ್ಟಿಲು, ಅಂಗಿ, ಕುಲಾವಿ ಎಲ್ಲವೂ ಮನೆಯಿಂದ ಮನೆಗೆ ಸಾಗುವುದು ನಮ್ಮಲ್ಲಿ ಒಳ್ಳೆಯ ರೂಢಿ. ಪಂಪ್ ಮಾತ್ರ ಹಾಗೆ ಸಾಗುವುದು ಬೇಡ. ಒಬ್ಬರ ಬಳಕೆಗೆಂದು ಮಾಡಿದ ಪಂಪನ್ನು ಇನ್ನೊಬ್ಬರು ಬಳಸಬಾರದು ಎಂದು ಇಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಅಂದರೆ ಎಫ್‌ಡಿಎ, ಎಚ್ಚರಿಸುತ್ತದೆ. ಬಾಟಲಿ, ಕೊಳವೆ ಬದಲಾಯಿಸಿದರೂ ಮೋಟಾರಿನ ಒಳಭಾಗವನ್ನು ತೊಳೆಯಲಾಗದು. ಸೋಂಕು ಹರಡಬಹುದು. ಬಾಡಿಗೆಯ ಪಂಪ್ ಮಾತ್ರ ಹಲವರ ಬಳಕೆಗೆಂದೇ ಮಾಡಿದ್ದು; ಅದಕ್ಕೂ ಬಾಟಲಿ, ಕೊಳವೆಗಳ ಹೊಸ ಸೆಟ್ ನಿಮ್ಮದೇ ಇರಬೇಕು.

"ಸುಮ್ಮನೆ ದುಡ್ಡು ಯಾಕೆ ಹಾಳು?" ಎಂದು ಪ್ರೀತಿಯಿಂದ ಕೊಡಲು ಬಂದವರಿಗೆ ಹೇಗೆ ಬೇಡವೆನ್ನುವುದು? "ಇನ್ಶೂರೆನ್ಸ್‌ನಿಂದಲೇ ಬರುತ್ತೆ ಅಕ್ಕಾ" ಎಂದುಬಿಡಿ. ಹೆಚ್ಚಿನವರ ಪಾಲಿಗೆ ಅದು ನಿಜವೂ ಹೌದು!

4. ಇನ್ಶೂರೆನ್ಸ್

2010ರ ಅಫೋರ್ಡಬಲ್ ಕೇರ್ ಆಕ್ಟ್ ಅಡಿಯಲ್ಲಿ, 2012ರ ಆಗಸ್ಟ್‌ನಿಂದೀಚೆಗೆ ಹೆಚ್ಚಿನ ಆರೋಗ್ಯ ವಿಮೆಗಳು ಪಂಪಿನ ವೆಚ್ಚ ಭರಿಸಬೇಕು. ಕೆಲವು ಹಳೆಯ ಪ್ಲಾನ್‌ಗಳಿಗೆ ವಿನಾಯಿತಿ ಇದೆ. ಹೊಸದೋ ಬಾಡಿಗೆಯದೋ, ಮ್ಯಾನುಯಲ್ಲೋ ಎಲೆಕ್ಟ್ರಿಕ್ಕೋ ಎಂಬುದು ಪ್ಲಾನಿಗೆ ತಕ್ಕಂತೆ. ಏಳನೇ ತಿಂಗಳಲ್ಲಿ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ: ಯಾವ ಮಾದರಿಗಳು ಸಿಗುತ್ತವೆ? ಯಾವ ಅಂಗಡಿಯಿಂದ ತರಿಸಬೇಕು? ಹೆರಿಗೆಗೆ ಮೊದಲೇ ಕೊಡುತ್ತೀರಾ? ಡಾಕ್ಟರ ಚೀಟಿ ಬೇಕೇ? ಕೈಯಿಂದ ಹಣ ಹಾಕಬೇಕಾಗಿ ಬಂದರೆ ಎಫ್‌ಎಸ್‌ಎ ಅಥವಾ ಎಚ್‌ಎಸ್‌ಎ ಖಾತೆಯ ಹಣ ಬಳಸಬಹುದು.

5. ಫ್ಲ್ಯಾಂಜ್ ಅಳತೆ

ಎದೆಗೆ ಹಿಡಿಯುವ ಆಲಿಕೆಯಂಥ ಭಾಗವೇ ಫ್ಲ್ಯಾಂಜ್. ಪಂಪಿನ ಜೊತೆ ಸಾಮಾನ್ಯವಾಗಿ 24 ಮಿಲಿಮೀಟರಿನದು ಬರುತ್ತದೆ, ಆದರೆ ಅದು ಎಲ್ಲರ ಅಳತೆಯಲ್ಲ. ಮೊಲೆತೊಟ್ಟು ಗೋಡೆಗೆ ಉಜ್ಜಿದರೆ ಚಿಕ್ಕದಾಯಿತು. ಸುತ್ತಲಿನ ಕಪ್ಪು ಭಾಗವೂ ಬಹಳಷ್ಟು ಒಳಗೆ ಸೆಳೆದುಕೊಂಡರೆ ದೊಡ್ಡದಾಯಿತು. ಹೆರಿಗೆಯ ನಂತರ ಆಸ್ಪತ್ರೆಯ ಲ್ಯಾಕ್ಟೇಶನ್ ಕನ್ಸಲ್ಟೆಂಟ್ ಹತ್ತಿರ ಅಳತೆ ನೋಡಿಸಿಕೊಳ್ಳಿ. ನೋವಾದರೆ ಪಂಪನ್ನು ಬೈಯುವ ಮೊದಲು ಇದನ್ನು ಪರೀಕ್ಷಿಸಿ. ಕೆಲವು ತಿಂಗಳ ನಂತರ ಎಳೆತ ಕಡಿಮೆಯಾದರೆ ಸವೆದ ವಾಲ್ವ್ ಬದಲಿಸಿದರೆ ಸಾಕಾಗಬಹುದು.

6. ಆಫೀಸಿನಲ್ಲಿ ನಿಮ್ಮ ಹಕ್ಕು

2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಪಂಪ್ ಆಕ್ಟ್ ಪ್ರಕಾರ, ಮಗು ಹುಟ್ಟಿ ಒಂದು ವರ್ಷದವರೆಗೆ ಹಾಲು ತೆಗೆಯಲು ಬಿಡುವು ಕೊಡಬೇಕು. ಯಾರ ಕಣ್ಣಿಗೂ ಬೀಳದ ಜಾಗವನ್ನೂ ಕೊಡಬೇಕು, ಅದು ಬಾತ್‌ರೂಮ್ ಆಗಿರಕೂಡದು. 50ಕ್ಕಿಂತ ಕಡಿಮೆ ಜನರಿರುವ ಕಂಪನಿಗಳಿಗೆ, ತೀರಾ ಕಷ್ಟವಾಗುವುದಾದರೆ, ವಿನಾಯಿತಿ ಇದೆ. ಈ ಹಕ್ಕಿಗೂ ವೀಸಾಕ್ಕೂ ಸಂಬಂಧವಿಲ್ಲ; ಎಚ್-1ಬಿ ಮೇಲಿರುವವರಿಗೂ ಅನ್ವಯಿಸುತ್ತದೆ. "ಮ್ಯಾನೇಜರ್ ಏನಂದುಕೊಳ್ಳುತ್ತಾರೋ" ಎಂಬ ಸಂಕೋಚ ಬೇಡ. ರಜೆಗೆ ಹೋಗುವ ಮೊದಲೇ ಎಚ್‌ಆರ್‌ಗೆ ಎರಡು ಸಾಲು ಬರೆದು, ಕ್ಯಾಲೆಂಡರಿನಲ್ಲಿ ಸಮಯ ಕಾದಿರಿಸಿ.

7. ಅಜ್ಜಿಗೆ ಹೇಳಿಕೊಡಬೇಕಾದದ್ದು

ಊರಿನಿಂದ ಬಂದ ಅಮ್ಮನೋ ಅತ್ತೆಯೋ "ಫ್ರಿಜ್ಜಿನ ಹಾಲು ಕೂಸಿಗೆ ಶೀತ" ಎನ್ನಬಹುದು. ಅವರ ಕಾಳಜಿ ದೊಡ್ಡದು, ವಾದ ಬೇಡ. ಇಲ್ಲಿನ ಸಿಡಿಸಿ ಸಂಸ್ಥೆಯ ಲೆಕ್ಕವನ್ನು ಕನ್ನಡದಲ್ಲೇ ಬರೆದು ಫ್ರಿಜ್ಜಿಗೆ ಅಂಟಿಸಿ:

- ಆಗತಾನೇ ತೆಗೆದ ಹಾಲು ಹೊರಗೆ (25 ಡಿಗ್ರಿ ಸೆಲ್ಸಿಯಸ್‌ವರೆಗೆ): 4 ಗಂಟೆ
- ಫ್ರಿಜ್ಜಿನಲ್ಲಿ: 4 ದಿನ
- ಫ್ರೀಜರಿನಲ್ಲಿ: 6 ತಿಂಗಳೊಳಗೆ ಉತ್ತಮ, 12 ತಿಂಗಳವರೆಗೂ ಆದೀತು
- ಮಗು ಕುಡಿದು ಬಿಟ್ಟದ್ದು: 2 ಗಂಟೆಯೊಳಗೆ ಮುಗಿಸಿ, ಇಲ್ಲವೇ ಚೆಲ್ಲಿ
- ಕರಗಿಸಿದ ಹಾಲನ್ನು ಮತ್ತೆ ಫ್ರೀಜರಿಗೆ ಇಡಬಾರದು

ಬಾಟಲಿಯನ್ನು ಬೆಚ್ಚನೆ ನೀರಿನ ಪಾತ್ರೆಯಲ್ಲಿಟ್ಟು ಬಿಸಿ ಮಾಡಿ. ಮೈಕ್ರೋವೇವ್ ಬೇಡವೇ ಬೇಡ. ಹಾಲು ಅಲ್ಲಲ್ಲಿ ಸುಡುವಷ್ಟು ಕಾದು ಮಗುವಿನ ಬಾಯಿ ಸುಟ್ಟೀತು. ಮೇಲೆ ಕೆನೆ ಕಟ್ಟಿದ್ದರೆ ಹಾಲು ಕೆಟ್ಟಿದೆ ಎಂದಲ್ಲ, ಮೆಲ್ಲಗೆ ಅಲುಗಾಡಿಸಿದರೆ ಬೆರೆಯುತ್ತದೆ. ಹಾಲು ತಾಗುವ ಭಾಗಗಳನ್ನು ಪ್ರತಿ ಸಲವೂ, ಸಿಂಕಿನಲ್ಲಿ ಹಾಕದೆ, ಅದಕ್ಕೆಂದೇ ಇಟ್ಟ ಬೋಗುಣಿಯಲ್ಲಿ ಸೋಪು ನೀರಿನಿಂದ ತೊಳೆದು ಗಾಳಿಗೆ ಒಣಗಿಸಿ.

8. ಊರಿಗೆ ಹೊರಟಾಗ

ಅಮೆರಿಕದ ಕರೆಂಟ್ 120 ವೋಲ್ಟ್, ಭಾರತದ್ದು 230. ಪಂಪಿನ ಅಡಾಪ್ಟರ್ ಮೇಲೆ "100-240" ಎಂದಿದ್ದರೆ ಪ್ಲಗ್ಗಿನ ಪಿನ್ ಬದಲಿಸಿದರೆ ಸಾಕು. ಬರೀ 120 ಎಂದಿದ್ದರೆ ಅಲ್ಲಿ ಸುಟ್ಟುಹೋಗುತ್ತದೆ. ಇಲ್ಲಿನ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಎದೆಹಾಲಿಗೆ 3.4 ಔನ್ಸಿನ ಮಿತಿ ಇಲ್ಲ. ಮೊದಲೇ ಅಧಿಕಾರಿಗೆ ತಿಳಿಸಿ.

ಕೊನೆಯದಾಗಿ, ಪಂಪಿನಲ್ಲಿ ಬಂದ ಔನ್ಸುಗಳು ತಾಯ್ತನದ ಅಂಕಪಟ್ಟಿಯಲ್ಲ. ಹಾಲು ಸಾಲದಿದ್ದರೆ ಡಾಕ್ಟರನ್ನು ಕೇಳಿ ಫಾರ್ಮುಲಾ ಸೇರಿಸುವುದರಲ್ಲಿ ನಾಚಿಕೆಯೇನಿಲ್ಲ. ಮತ್ತು ಅಪ್ಪಂದಿರೇ, ಫೋನ್ ಮಾಡುವುದು, ಬಾಟಲಿ ತೊಳೆಯುವುದು, ತಾರೀಖು ಬರೆಯುವುದು ನಿಮಗೂ ಬರುವ ಕೆಲಸಗಳೇ!

ಹೊಸ ತಾಯಂದಿರಿಗೂ ಕಂದಮ್ಮಗಳಿಗೂ ಶುಭವಾಗಲಿ.